ಮೀಯುವ ಮನೆಯ ಉಪ್ಪು

ನಮ್ಮ ಸಂಘದ ಕಳೆದ ಸಾಹಿತ್ಯ ಸಮಾವೇಶದಲ್ಲಿ ಅತಿಥಿಗಳಿಗೆ ಶಾಲು, ಹಣ್ಣುಗಳ ಜೊತೆಗೆ ಒಂದು ಪುಟ್ಟ ಗಾಜಿನ ಭರಣಿಯನ್ನೂ ಕೊಡಲಾಯಿತು. ಒಳಗೆ ಇದ್ದುದು ಸಂಘದ ಮಹಿಳಾ ಸದಸ್ಯರು ಮನೆಯಲ್ಲಿಯೇ ಸಿದ್ಧಪಡಿಸಿದ ಸ್ನಾನದ ಉಪ್ಪು. ಕಲ್ಲುಪ್ಪು, ಎಪ್ಸಮ್ ಉಪ್ಪು, ಲಾವಂಚದ ತುಣುಕು, ಒಣಗಿದ ಗುಲಾಬಿ ಎಸಳು, ಮಜ್ಜಿಗೆಹುಲ್ಲಿನ ಎಣ್ಣೆಯ ಕೆಲವು ಹನಿ. ಬಾಯಿಗೆ ಕೆಂಪು ಬಟ್ಟೆ ಕಟ್ಟಿದ ಆ ಭರಣಿ ನೋಡುವುದಕ್ಕೆ ಚೆಂದವಾಗಿಯೇ ಇತ್ತು. ಆದರೆ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು, ಮೂಗಿಗೆ ತಂದು, ಕೆಳಗಿಟ್ಟು, ಗಂಭೀರವಾಗಿಯೇ ಕೇಳಿದರು: "ಮೀಯುವುದಕ್ಕೆ ಉಪ್ಪು ಯಾಕೆ ಮಾರಾಯ್ರೆ? ಉಪ್ಪು ಹಾಕುವುದು ಗಂಜಿಗೆ ಅಲ್ಲವಾ?"

ನಾವೆಲ್ಲರೂ ನಕ್ಕೆವು. ನಕ್ಕ ಮೇಲೆ ಉತ್ತರ ಹೇಳಬೇಕಾಗಿತ್ತು; ಅದು ನಮ್ಮಲ್ಲಿ ಯಾರಲ್ಲಿಯೂ ಇರಲಿಲ್ಲ. ಈ ಲೇಖನ ಆ ದಿನ ಕೊಡಲಾಗದೆ ಹೋದ ಉತ್ತರವನ್ನು ಹುಡುಕುವ ಪ್ರಯತ್ನ. ಹುಡುಕುತ್ತ ಹೋದಂತೆ ಪ್ರಶ್ನೆ ಉಪ್ಪಿನದಾಗಿ ಮಾತ್ರ ಉಳಿಯಲಿಲ್ಲ. ನೀರಿನದಾಯಿತು, ಸುಂಕದ್ದಾಯಿತು, ನಮ್ಮ ಮನೆಗಳ ಹಿಂಭಾಗದಲ್ಲಿ ಹೊಗೆ ಹಿಡಿದು ಕಪ್ಪಾಗಿದ್ದ ಆ ಸಣ್ಣ ಕೋಣೆಯದಾಯಿತು.

ಮೊದಲಿಗೆ ಆ ಕೋಣೆಯ ಹೆಸರನ್ನೇ ನೋಡೋಣ. ಕಾಸರಗೋಡಿನ ಹವ್ಯಕ ಮನೆಗಳಲ್ಲಿ ಅದು 'ಬೆಶಿನೀರ ಕೊಟ್ಟಗೆ'. ಬಿಸಿನೀರು ಇರುವ ಜಾಗ ಎಂದಷ್ಟೇ ಅರ್ಥ. ಸ್ನಾನದ ಮಾತೇ ಆ ಹೆಸರಿನಲ್ಲಿಲ್ಲ. ಮಂಜೇಶ್ವರದ ಕೊಂಕಣಿ ಮನೆಗಳಲ್ಲಿ 'ನ್ಹಾಣಿ'. ಮಲಯಾಳದಲ್ಲಿ ಸ್ನಾನಕ್ಕೆ 'ಕುಳಿ'. ಹಳಗನ್ನಡದ 'ಕುಳಿರ್' ಎಂಬ ತಣ್ಪಿನ ಮಾತಿಗೂ ಅದಕ್ಕೂ ನಂಟಿದೆ. ಕೊಳದಲ್ಲಿ ಮುಳುಗಿ ತಂಪಾಗುವ ಸ್ನಾನ ಒಂದು, ಹಂಡೆಯ ಬಿಸಿನೀರನ್ನು ಚೆಂಬಿನಿಂದ ಎರೆದುಕೊಳ್ಳುವ ಸ್ನಾನ ಇನ್ನೊಂದು. ಎರಡೂ ಈ ನೆಲದಲ್ಲಿ ಒಂದರ ಪಕ್ಕದಲ್ಲೊಂದು ಬದುಕಿವೆ. ಇನ್ನು ಕ್ರಿಯಾಪದದ ಮಾತು. ಘಟ್ಟದ ಮೇಲಿನ ಬಂಧುಗಳು 'ಸ್ನಾನ ಮಾಡಿದೆ' ಎನ್ನುತ್ತಾರೆ, ಉತ್ತರ ಕರ್ನಾಟಕದವರು 'ಜಳಕ ಮಾಡಿದೆ' ಎನ್ನುತ್ತಾರೆ. ನಾವು ಇಂದಿಗೂ 'ಮಿಂದೆ' ಎನ್ನುತ್ತೇವೆ. ಹಳಗನ್ನಡದ 'ಮೀ' ಎಂಬ ಧಾತು ಗ್ರಂಥಗಳಲ್ಲಿ ಉಳಿದಿರುವಷ್ಟೇ ಹಸಿಯಾಗಿ ನಮ್ಮ ಬಾಯಲ್ಲಿಯೂ ಉಳಿದಿದೆ. ತುಳುವಿನಲ್ಲಿ 'ಮೀಪಿನಿ' ಎಂದಾಗಿ ನೆರೆಯಲ್ಲಿಯೇ ಇದೆ. ಹೊರಗಿನವರು ನಮ್ಮ ಕನ್ನಡವನ್ನು ಗಡಿಯ ಕನ್ನಡವೆಂದು ಸ್ವಲ್ಪ ಕನಿಕರದಿಂದ ನೋಡುವಾಗ ನಾವು ಈ ಒಂದು ಪದವನ್ನು ಮುಂದಿಡಬಹುದು.

ಮೀಯುವುದಕ್ಕೆ ಮೊದಲು ನೀರು ಬೇಕು. ಕಾಸರಗೋಡಿನ ಒಳನಾಡಿನಲ್ಲಿ, ವಿಶೇಷವಾಗಿ ಎಣ್ಮಕಜೆ, ಬಾಯಾರು, ಪೈವಳಿಕೆಗಳ ಗುಡ್ಡದ ಓರೆಗಳಲ್ಲಿ, ಆ ನೀರು ಬಂದುದು ಸುರಂಗಗಳಿಂದ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ, ಮೇಣದ ಬತ್ತಿಯ ಅಥವಾ ಎಣ್ಣೆ ದೀಪದ ಬೆಳಕಿನಲ್ಲಿ ಕೊರೆಯುತ್ತ ಹೋಗುವುದು. ಒಸರು ಸಿಕ್ಕಿದಲ್ಲಿ ನಿಲ್ಲಿಸುವುದು. ಪಂಪು ಬೇಡ, ಹಗ್ಗ ಬೇಡ. ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಗಳ ಮೂಲಕ ಅದನ್ನು ಅಂಗಳಕ್ಕೆ, ಅಲ್ಲಿಂದ ಬೆಶಿನೀರ ಕೊಟ್ಟಗೆಯ ಹಂಡೆಗೆ ತರುತ್ತಿದ್ದರು. ಮುರಕಲ್ಲಿನ ಮೂಲಕ ಇಳಿದು ಬಂದ ಈ ನೀರು ಮೆದು. ಸೋಪು ಹಾಕಿದರೆ ಬೇಗನೆ ನೊರೆ ಬರುತ್ತದೆ. ಕಡಲ ಕರೆಯ ಕೆಲವು ಬಾವಿಗಳಲ್ಲಿ ಹಾಗಲ್ಲ. ಅಲ್ಲಿ ಬೇಸಗೆಯಲ್ಲಿ ನೀರು ಉಪ್ಪಾಗುತ್ತದೆ, ಸೋಪು ತಿಕ್ಕಿದಷ್ಟೂ ಬಿಳಿಯ ಗಷ್ಟು ಉಳಿಯುತ್ತದೆ. ಆದರೆ ಅಂಟುವಾಳದ ಕಾಯಿ ಅಲ್ಲಿಯೂ ನೊರೆ ಕೊಡುತ್ತದೆ. ಸೋಪು ಎಣ್ಣೆ ಮತ್ತು ಕ್ಷಾರ ಕೂಡಿ ಆದದ್ದು, ಗಡಸು ನೀರಿನ ಸುಣ್ಣದ ಅಂಶ ಅದನ್ನು ಕೆಡಿಸುತ್ತದೆ. ಅಂಟುವಾಳದ ನೊರೆಯ ಸ್ವಭಾವ ಬೇರೆ, ಸುಣ್ಣ ಅದನ್ನು ಹಾಗೆ ಮುಟ್ಟುವುದಿಲ್ಲ. ಇದನ್ನು ರಸಾಯನಶಾಸ್ತ್ರ ಓದದೆಯೇ ಮೊಗ್ರಾಲಿನ, ಕುಂಬಳೆಯ ಕರಾವಳಿಯ ಹೆಂಗಸರು ಬಲ್ಲವರಾಗಿದ್ದರು.

ಮೀಯುವಾಗ ಮೈಗೆ ಹಚ್ಚಿಕೊಳ್ಳುವ ದ್ರವ್ಯಗಳ ಶಾಸ್ತ್ರ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವಾಸ್ತು, ಜ್ಯೋತಿಷ, ಅಡುಗೆ, ಮದ್ದುಗಳ ಜೊತೆಗೆ ನೆಲದಡಿಯ ನೀರನ್ನು ಗುರುತಿಸುವ ಬಗೆಯೂ ಇದೆ, ಸುಗಂಧದ್ರವ್ಯಗಳನ್ನು ಸಿದ್ಧಪಡಿಸುವ ಬಗೆಯೂ ಇದೆ. ನೀರು ಹುಡುಕುವವನೂ ಪರಿಮಳ ಕೂಡಿಸುವವನೂ ಒಂದೇ ಪುಸ್ತಕವನ್ನು ತೆರೆಯಬಹುದಾಗಿತ್ತು ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಶತಮಾನ ಕಳೆದ ಮೇಲೆ, 1129ರ ಸುಮಾರಿಗೆ, ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಉಪಭೋಗಗಳನ್ನು ಹೇಳುವ ಭಾಗದಲ್ಲಿ ಸ್ನಾನಕ್ಕೆಂದೇ ಒಂದು ಅಧ್ಯಾಯವಿದೆ. ಪರಿಮಳದ ಎಣ್ಣೆಯಿಂದ ಮೈಯನ್ನು ನೀವುವುದು, ಪುಡಿಯಿಂದ ಜಿಡ್ಡು ತೆಗೆಯುವುದು, ಆಮೇಲೆ ನೀರೆರೆಯುವುದು ಎಂಬ ಕ್ರಮ. ಕೇರಳದ ವೈದ್ಯರು ತಮ್ಮ ಮೂಲಗ್ರಂಥವಾಗಿ ಇಟ್ಟುಕೊಂಡಿರುವ 'ಅಷ್ಟಾಂಗಹೃದಯ'ದ ದಿನಚರ್ಯೆಯಲ್ಲಿಯೂ ಇದೇ ಅನುಕ್ರಮ: ಅಭ್ಯಂಗ, ವ್ಯಾಯಾಮ, ಉದ್ವರ್ತನ, ಸ್ನಾನ. ಬಿಸಿನೀರು ಕುತ್ತಿಗೆಯಿಂದ ಕೆಳಗೆ ಬಲ ಕೊಡುತ್ತದೆ, ತಲೆಗೆ ಎರೆದರೆ ಕೂದಲಿಗೂ ಕಣ್ಣಿಗೂ ಕೇಡು ಎಂಬ ಎಚ್ಚರಿಕೆಯೂ ಅಲ್ಲಿದೆ. ನಮ್ಮ ಅಜ್ಜಿಯಂದಿರು ತಲೆಗೆ ಉಗುರು ಬೆಚ್ಚಗಿನ ನೀರು, ಮೈಗೆ ಸುಡುಸುಡು ನೀರು ಎಂದು ಎರಡು ಬಾಲ್ದಿ ಇಡುತ್ತಿದ್ದುದಕ್ಕೆ ಇಷ್ಟು ಹಳೆಯ ಆಧಾರವಿದೆಯೆಂದು ಆಗ ನಮಗೆ ಗೊತ್ತಿದ್ದರೆ ಅಷ್ಟು ಅಳುತ್ತಿರಲಿಲ್ಲವೇನೋ.

ಅರಸನ ಸ್ನಾನ ಹಾಗಿರಲಿ. ನಮ್ಮ ಮನೆಗಳಲ್ಲಿದ್ದುದು ಸೀಗೆಪುಡಿ, ಅಂಟುವಾಳ, ಬಾಗೆಯ ಹೊಡಿ, ಕಡಲೆಹಿಟ್ಟು, ಹೆಸರುಹಿಟ್ಟು. ಕೂದಲಿಗೆ ದಾಸವಾಳದ ಸೊಪ್ಪನ್ನು ಕಿವುಚಿ ತೆಗೆದ ಗೊಂಪು. ಅದನ್ನೇ ನೆರೆಯ ಮಲಯಾಳಿಗಳು 'ತಾಳಿ' ಎನ್ನುತ್ತಾರೆ. ಮೈ ತಿಕ್ಕುವುದಕ್ಕೆ ಒಣಗಿದ ಹೀರೆಯ ಜಾಳಿಗೆ, ಇಲ್ಲವೆ 'ಇಂಚ' ಎಂಬ ಮುಳ್ಳುಬಳ್ಳಿಯ ಜಜ್ಜಿದ ತೊಗಟೆ. ಎಳೆಯ ಮಗುವನ್ನು ಮೀಯಿಸುತ್ತಿದ್ದುದು ಅಡಿಕೆಯ ಹಾಳೆಯ ಮೇಲೆ ಮಲಗಿಸಿ; ಜಾರದ, ಬಾಗಿದ, ಬಿಸಾಡಿದರೂ ನಷ್ಟವಿಲ್ಲದ ಆ ತೊಟ್ಟಿಲಿಗಿಂತ ಉತ್ತಮವಾದ ಟಬ್ಬನ್ನು ಯಾವ ಕಂಪೆನಿಯೂ ಇನ್ನೂ ಮಾಡಿಲ್ಲ. ಬಾಣಂತಿಗೆ ಹಲವು ಸೊಪ್ಪುಗಳನ್ನು ಹಾಕಿ ಕುದಿಸಿದ ನೀರು. ಗಂಟುನೋವಿಗೆ ನೆಕ್ಕಿಯ ಸೊಪ್ಪಿನ ನೀರು. ಇವುಗಳಲ್ಲಿ ಉಪ್ಪು ಎಲ್ಲಿ?

ಇಲ್ಲವೆಂದಲ್ಲ. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಡುವುದಿತ್ತು. ಏಣೇಲಿನ ನೇಜಿ ನೆಟ್ಟು ಬಂದವರು ಕೆಸರು ತಿಂದ ಬೆರಳ ಸಂದಿಯ ತುರಿಕೆಗೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುತ್ತಿದ್ದರು. ಗಂಟಲು ಕೆಟ್ಟರೆ ಉಪ್ಪುನೀರು ಮುಕ್ಕಳಿಸುವುದು, ಮಗುವಿಗೆ ದೃಷ್ಟಿಯಾದರೆ ಉಪ್ಪು ನಿವಾಳಿಸಿ ಒಲೆಗೆ ಎಸೆಯುವುದು ಇವೆಲ್ಲ ಇದ್ದವು. ಆದರೆ ಮೈಗೆ ಎರೆಯುವ ನೀರಿಗೆ ಉಪ್ಪು ಸುರಿಯುವ ವಾಡಿಕೆ ಮನೆಯೊಳಗೆ ಕಾಣಿಸುವುದಿಲ್ಲ. ಉಪ್ಪುನೀರಿನ ಸ್ನಾನ ಬೇಕಾದವರು ಕಡಲಿಗೆ ಹೋಗುತ್ತಿದ್ದರು. ಕಣ್ವತೀರ್ಥದ ಕಡಲ ಕರೆಯಲ್ಲಿ, ಬೇಕಲದ ಬಳಿಯ ತೃಕ್ಕನ್ನಾಡಿನಲ್ಲಿ ಕರ್ಕಾಟಕ ಅಮಾವಾಸ್ಯೆಯಂದು, ಇಂದಿಗೂ ಜನ ಸೇರಿ ಮೀಯುತ್ತಾರೆ. ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು ಮೂರೂವರೆ ಪಾಲು ಲವಣಗಳು; ಅದರಲ್ಲಿ ಅಡುಗೆಯ ಉಪ್ಪು ಹೆಚ್ಚಿನದು, ಉಳಿದುದರಲ್ಲಿ ಮೆಗ್ನೀಸಿಯಮ್‌ನ ಲವಣಗಳದೇ ದೊಡ್ಡ ಪಾಲು. ಭರಣಿಯೊಳಗೆ ತುಂಬಿಸಿ ಮಾರುತ್ತಿರುವುದೂ ಹೆಚ್ಚು ಕಡಿಮೆ ಇದನ್ನೇ.

ಮನೆಯ ನೀರಿಗೆ ಉಪ್ಪು ಬೀಳದಿದ್ದುದಕ್ಕೆ ನಾವು ಕಂಡ ಕಾರಣಗಳು ಮೂರು. ಮೊದಲನೆಯದು ಹಂಡೆ. ತಾಮ್ರದ ಹಂಡೆಯನ್ನು ಒಲೆಯ ಮೇಲೆ ಕಟ್ಟಿ ಕೂರಿಸಿದ ಮೇಲೆ ಅದು ಎರಡು ಮೂರು ತಲೆಮಾರು ಅಲ್ಲಿಯೇ. ಉಪ್ಪುನೀರು ಕಾಯಿಸಿದರೆ ಅದು ಹಸಿರು ಕಟ್ಟಿ ಸವೆಯುತ್ತದೆ. ನಮ್ಮಲ್ಲೊಬ್ಬರು ಬಾಲ್ಯದಲ್ಲಿ ಕಡಲ ಆಟದ ಹುಚ್ಚಿನಿಂದ ಹಂಡೆಗೆ ಬೊಗಸೆ ಉಪ್ಪು ಹಾಕಿ ಅಜ್ಜಿಯಿಂದ ತಿಂದ ಪೆಟ್ಟನ್ನು ಈಗಲೂ ನೆನೆಯುತ್ತಾರೆ. ಎರಡನೆಯದು ಮಿಂದ ನೀರಿನ ದಾರಿ. ಅದು ಗೋಡೆಯ ತೂತಿನಿಂದ ಹೊರಬಿದ್ದು ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ ಹೋಗುತ್ತಿತ್ತು; ಉಪ್ಪು ಬಿದ್ದರೆ ಅವು ಸೊರಗುತ್ತವೆ. ತೆಂಗು ಮಾತ್ರ ಉಪ್ಪನ್ನು ತಾಳಿಕೊಳ್ಳುತ್ತದೆ. ಮುರಕಲ್ಲಿನ ಗುಡ್ಡದಲ್ಲಿ ತೆಂಗಿನ ಗುಂಡಿ ತೆಗೆದರೆ ಸಸಿ ನೆಡುವ ಆರು ತಿಂಗಳ ಮೊದಲೇ ಗುಂಡಿಗೆ 2 ಕಿಲೋದಷ್ಟು ಉಪ್ಪು ಹಾಕಿ ಕಲ್ಲನ್ನು ಮೆದುವಾಗಿಸುವ ಪದ್ಧತಿ ನಮ್ಮಲ್ಲಿದೆ, ಕೃಷಿ ವಿಜ್ಞಾನಿಗಳೂ ಅದನ್ನು ಶಿಫಾರಸು ಮಾಡುತ್ತಾರೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಊರಿನವರಾದ ನಾವು ಉಪ್ಪನ್ನು ಮೈಗಿಂತ ಮೊದಲು ತೆಂಗಿಗೆ ಕೊಟ್ಟವರು ಎಂದರೆ ತಪ್ಪಲ್ಲ.

ಮೂರನೆಯ ಕಾರಣ ದೊಡ್ಡದು. ಉಪ್ಪು ಅಗ್ಗವಾಗಿರಲಿಲ್ಲ.

ಕಡಲ ಬದಿಯಲ್ಲಿ ಬದುಕುವವರಿಗೆ ಉಪ್ಪು ದುಬಾರಿಯಾಗುವುದೆಂದರೆ ಏನು ಎಂಬುದನ್ನು ಇಂದಿನ ಮಕ್ಕಳಿಗೆ ತಿಳಿಸುವುದು ಕಷ್ಟ. ಉಪ್ಪಿನ ಕಳ ಎಂಬ ಅರ್ಥದಲ್ಲಿ 'ಉಪ್ಪಳ' ಎಂಬ ಮಾತು ದಕ್ಷಿಣದ ನುಡಿಗಳಲ್ಲಿದೆ. ನಮ್ಮ ಉಪ್ಪಳಕ್ಕೆ ಹೆಸರು ಅದರಿಂದಲೇ ಬಂತೆಂದು ನಾವು ಹಟ ಹಿಡಿಯುವುದಿಲ್ಲ, ಆದರೆ ಆ ಹೆಸರು ಕೇಳಿದಾಗ ಬಾಯಿ ಉಪ್ಪಾಗುವುದು ಸಹಜ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಹೆಚ್ಚು ತಡವಾಗದೆ ಉಪ್ಪಿನ ಮೇಲೆ ಸರಕಾರದ ಏಕಸ್ವಾಮ್ಯ ಬಂತು. ಮುಂದೆ 1882ರ ಉಪ್ಪಿನ ಕಾಯಿದೆ ಅದನ್ನು ದೇಶಕ್ಕೆಲ್ಲ ಬಿಗಿಗೊಳಿಸಿತು. ಪರವಾನಗಿಯಿಲ್ಲದೆ ಉಪ್ಪು ಮಾಡುವುದು ಅಪರಾಧವಾಯಿತು. ಮನೆಯ ಅಂಗಳದಲ್ಲಿ ಕಡಲ ನೀರನ್ನು ಬಾಣಲೆಯಲ್ಲಿಟ್ಟು ಕಾಯಿಸಿದರೂ ಕಾನೂನು ಮುರಿದಂತೆ. ಇಂದು ಮಕ್ಕಳ ಕೈಯಲ್ಲಿ ಮಾಡಿಸಿ ನಲಿಯುವ ಕೆಲಸಕ್ಕೆ ಅಂದು ಜೈಲು ಕಾದಿತ್ತು.

ಸುಂಕದ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. 1923ರಲ್ಲಿ ಸರಕಾರ ಉಪ್ಪಿನ ಸುಂಕವನ್ನು ಮಣಕ್ಕೆ 1 ರೂಪಾಯಿ 4 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಿತು. ಗದ್ದಲವಾದ ಮೇಲೆ ಮರುವರ್ಷ ಹಿಂದಿನ ದರಕ್ಕೆ ಇಳಿಸಿತು. ಮಣವೆಂದರೆ 40 ಸೇರು. ಹಳೆಯ ದರದಲ್ಲಿಯೇ ಸೇರಿಗೆ ಅರ್ಧ ಆಣೆ ಸುಂಕ, ಏರಿದ ದರದಲ್ಲಿ ಒಂದು ಆಣೆ. ಇದು ಬೆಲೆಯಲ್ಲ, ಬೆಲೆಯ ಮೇಲಿನ ಸುಂಕ ಮಾತ್ರ. ನಮ್ಮ ಭರಣಿಗೆ ಬೇಕಾದ ಉಪ್ಪು ಸುಮಾರು ಒಂದು ಸೇರು. ಆಣೆಗಳನ್ನು ಎಣಿಸಿ ಬದುಕುತ್ತಿದ್ದ ಮನೆಯಲ್ಲಿ ಅಷ್ಟನ್ನು ಒಂದು ಸ್ನಾನದ ನೀರಿಗೆ ಸುರಿಯುವ ಯೋಚನೆ ಯಾರಿಗೆ ಬರಬಹುದಿತ್ತು? ಮೀನಿಗೆ, ಮಾವಿನಮಿಡಿಗೆ, ಹಲಸಿನ ಸೊಳೆಗೆ ಉಪ್ಪು ಬೇಕಿತ್ತು. ಮಳೆಗಾಲದ ನಾಲ್ಕು ತಿಂಗಳ ಊಟ ಆ ಭರಣಿಗಳ ಮೇಲೆ ನಿಂತಿತ್ತು. ಹಿರಿಯರು ಕೇಳಿದ ಪ್ರಶ್ನೆಯೊಳಗೆ ಅಡಗಿದ್ದುದು ಅರಸಿಕತೆಯಲ್ಲ, ಈ ಲೆಕ್ಕ.

1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪೆತ್ತಿದರು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಉತ್ತರದಲ್ಲಿ ಅಂಕೋಲೆಯವರು ಉಪ್ಪಿನ ಕಾನೂನು ಮುರಿದರು. ಅದೇ ತಿಂಗಳಲ್ಲಿ ನಮ್ಮ ದಕ್ಷಿಣದ ಗಡಿಯಾಚೆ, ಆಗ ಮಲಬಾರ್ ಜಿಲ್ಲೆಗೆ ಸೇರಿದ್ದ ಪಯ್ಯನ್ನೂರಿನ ಉಳಿಯತ್ತುಕಡವಿನಲ್ಲಿ, ಕಲ್ಲಿಕೋಟೆಯಿಂದ ಕಾಲ್ನಡಿಗೆಯಲ್ಲಿ ಬಂದ ಕೆ. ಕೇಳಪ್ಪನ್ ಮತ್ತು ಸಂಗಡಿಗರು ಉಪ್ಪು ಮಾಡಿದರು. ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಂಕೋಲೆಯ ಕನ್ನಡದ ಸುದ್ದಿಯೂ ಪಯ್ಯನ್ನೂರಿನ ಮಲಯಾಳದ ಸುದ್ದಿಯೂ ಎರಡು ಕಿವಿಗಳಿಗೆ ಬಿದ್ದ ಊರು ಇದು. ಉಪ್ಪಿನ ಸುಂಕ ಹೋದುದು 1947ರಲ್ಲಿ.

ಉಪ್ಪಿನಂತೆಯೇ ನೀರಿಗೂ ಬೇಲಿಯಿತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋದರೆ ನಮ್ಮ ಬರಹ ಅರ್ಧಸತ್ಯವಾಗುತ್ತದೆ. ಕೆರೆಯ ಕಟ್ಟೆ, ದೇವಸ್ಥಾನದ ಪುಷ್ಕರಣಿ, ಊರಿನ ಬಾವಿ ಇವು ಎಲ್ಲರಿಗೂ ತೆರೆದಿರಲಿಲ್ಲ. ನೇಜಿ ನೆಟ್ಟು ಕಾಲು ಕೊಳೆಸಿಕೊಂಡವರಲ್ಲಿ ಬಹುಮಂದಿಗೆ ಧಣಿಗಳು ಮೀಯುವ ಕೆರೆಯ ನೀರು ಮುಟ್ಟುವ ಹಕ್ಕಿರಲಿಲ್ಲ. ಅವರು ಮಿಂದುದು ತೋಡಿನ ಕೆಳಭಾಗದಲ್ಲಿ, ಎಲ್ಲರೂ ಬಳಸಿ ಬಿಟ್ಟ ನೀರಿನಲ್ಲಿ. ಸಾರ್ವಜನಿಕ ಬಾವಿ, ಕೆರೆ, ಮೀಯುವ ಕಟ್ಟೆಗಳನ್ನು ಯಾರಿಗೂ ನಿರಾಕರಿಸಕೂಡದೆಂದು ಮದ್ರಾಸ್ ಶಾಸನಸಭೆ ಕಾನೂನು ಮಾಡಿದ್ದು 1938ರಲ್ಲಿ. ಕಾನೂನು ಬಂದ ದಿನವೇ ಕೆರೆ ತೆರೆಯಲಿಲ್ಲ ಎಂಬುದನ್ನು ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರು ಕಣ್ಣಾರೆ ಕಂಡಿದ್ದಾರೆ. ಹಳೆಯ ಸ್ನಾನದ ಸೊಗಸನ್ನು ವರ್ಣಿಸುವಾಗ ಆ ಸೊಗಸು ಯಾರದಾಗಿತ್ತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಉಡುಗೊರೆಯ ಮಾತು. ಮೀಯುವ ದ್ರವ್ಯವನ್ನು ಉಡುಗೊರೆಯಾಗಿ ಕೊಡುವುದು ಹೊಸತೇನಲ್ಲ. ದೀಪಾವಳಿಯ ಮುನ್ನಾದಿನದ ಸಂಜೆ ಹಂಡೆಯನ್ನು ಹುಳಿ ಹಚ್ಚಿ ಬೆಳಗಿ, ಶೇಡಿಯಿಂದ ಚಿತ್ರ ಬರೆದು, ಹೂವಿನ ಮಾಲೆಯನ್ನೋ ಹಿಂಡಲೆಕಾಯಿಯ ಬಳ್ಳಿಯನ್ನೋ ಕೊರಳಿಗೆ ಸುತ್ತಿ ನೀರು ತುಂಬುವ ಹಬ್ಬ. ಮರುದಿನ ಬೆಳಗಿನ ಜಾವ ಎಣ್ಣೆ ಸ್ನಾನ. ಹೊಸ ಅಳಿಯನಿಗೆ ಮಾವನ ಮನೆಯಲ್ಲಿ ಆ ದಿನ ಎಣ್ಣೆ, ಸೀಗೆ, ಹೊಸ ಬಟ್ಟೆ. ಇಲ್ಲಿ ಕೊಡುವುದು ವಸ್ತುವನ್ನಲ್ಲ, ಎರೆಯುವ ಕೈಯನ್ನು. ತಳಂಗರೆಯ, ಉಪ್ಪಳದ ಮುಸ್ಲಿಂ ಮನೆಗಳಲ್ಲಿ ಅತ್ತರಿನ ಪುಟ್ಟ ಕುಪ್ಪಿ ಕೈಯಿಂದ ಕೈಗೆ ಹೋಗುತ್ತಿತ್ತು. ಬಳಿಕ ಸೋಪು ಬಂತು. ಮದ್ರಾಸ್ ಸರಕಾರದ ಸೋಪು ಸಂಸ್ಥೆ ಕಲ್ಲಿಕೋಟೆಯಲ್ಲಿ 1914ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, ಮಹಾಯುದ್ಧದಿಂದ ಶ್ರೀಗಂಧದ ಕೊರಡುಗಳ ಯುರೋಪಿನ ಮಾರುಕಟ್ಟೆ ಕುಸಿದಾಗ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ 1918ರಲ್ಲಿ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆಯೂ ಹುಟ್ಟಿದವು. ಇರಿಞಾಲಕ್ಕುಡದ ಸಿ. ಆರ್. ಕೇಶವನ್ ವೈದ್ಯರ ಚಂದ್ರಿಕಾ ಸೋಪು 1940ರಲ್ಲಿ. ನಮ್ಮ ಮನೆಗಳ ಸೋಪಿನ ತಟ್ಟೆಯಲ್ಲಿ ಮೈಸೂರು ಸ್ಯಾಂಡಲ್ಲೂ ಚಂದ್ರಿಕಾವೂ ಅಕ್ಕಪಕ್ಕ ಕುಳಿತಿದ್ದವು. 1956ರ ನವೆಂಬರ್ 1ರಂದು ಎಳೆದ ಗೆರೆ ಆ ತಟ್ಟೆಯ ನಡುವೆ ಹಾದುಹೋಗಲಿಲ್ಲ.

ಎಪ್ಪತ್ತರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದ ನಮ್ಮ ಹುಡುಗರು ರಜೆಗೆ ಬಂದಾಗ ಪೆಟ್ಟಿಗೆ ತೆರೆಯುವುದೇ ಒಂದು ಸಮಾರಂಭ. ಮುಚ್ಚಳ ಎತ್ತಿದೊಡನೆ ಮನೆಯೆಲ್ಲ ಪರಿಮಳ. ನೆರೆಕರೆಗೆಲ್ಲ ಒಂದೊಂದು ಫಾರಿನ್ ಸೋಪು. ಅದನ್ನು ಉಪಯೋಗಿಸದೆ ಸೀರೆಗಳ ನಡುವೆ ಇಟ್ಟವರೇ ಹೆಚ್ಚು. ಬೆಶಿನೀರ ಕೊಟ್ಟಗೆಯ ಗೂಡಿನಲ್ಲಿದ್ದ ಸೀಗೆಪುಡಿಯ ಡಬ್ಬ ಆ ಕಾಲದಲ್ಲಿಯೇ ಮೂಲೆ ಸೇರಿತು ಎಂದು ನಮ್ಮ ಅಂದಾಜು.

ಆ ವರ್ಷಗಳಲ್ಲಿಯೇ ಇನ್ನೊಂದು ಸಂಗತಿ ನಡೆಯುತ್ತಿತ್ತು. ಎಣ್ಮಕಜೆಯ ಪಡ್ರೆ, ಸ್ವರ್ಗ ಮುಂತಾದ ಊರುಗಳ ಮೇಲ್ಭಾಗದ ಗುಡ್ಡಗಳಲ್ಲಿದ್ದ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಗುಡ್ಡದ ಮೇಲೆ ಬಿದ್ದದ್ದು ಮಳೆಯೊಡನೆ ತೋಡಿಗೆ, ಸುರಂಗಕ್ಕೆ, ಹಂಡೆಗೆ ಇಳಿಯಿತು. ಮಗುವನ್ನು ಹಾಳೆಯಲ್ಲಿ ಮಲಗಿಸಿ ಯಾವ ನೀರಿನಿಂದ ಮೀಯಿಸುತ್ತಿದ್ದೇವೆಂದು ಆ ತಾಯಂದಿರಿಗೆ ತಿಳಿದಿರಲಿಲ್ಲ. ಊರಿನ ವೈದ್ಯರೂ ಪತ್ರಕರ್ತರೂ ಕೃಷಿಕರೂ ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ, 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿ, ಮಾರಾಟ, ಬಳಕೆಗಳನ್ನು ದೇಶದಲ್ಲೆಲ್ಲ ತಡೆಯಿತು. ಮನೆಯಿಂದ ಹೊರಬರಲಾರದ ಮಕ್ಕಳು ದೊಡ್ಡವರಾಗಿ, ಈಗಲೂ ತಾಯಿಯ ಕೈಯಿಂದಲೇ ಮೀಯುತ್ತಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿವೆ. ಸ್ನಾನದ ಚರಿತ್ರೆ ಬರೆಯಹೊರಟು ಇದನ್ನು ಬಿಡುವುದಕ್ಕೆ ನಮಗೆ ಮನಸ್ಸಾಗಲಿಲ್ಲ.

ಭರಣಿಯೊಳಗಿನ ಉಪ್ಪಿನ ಊರು ದೂರದ್ದು. ಇಂಗ್ಲೆಂಡಿನ ಎಪ್ಸಮ್ ಎಂಬಲ್ಲಿ 17ನೆಯ ಶತಮಾನದ ಆರಂಭದಲ್ಲಿ ಒಂದು ಕಹಿನೀರಿನ ಒಸರು ಹೆಸರಾಯಿತು. ಅಲ್ಲಿಯ ಉಪ್ಪಿನ ಬಗ್ಗೆ ನೆಹೆಮಯ ಗ್ರೂ ಎಂಬ ವಿದ್ವಾಂಸನು 1695ರಲ್ಲಿ ಪುಸ್ತಕ ಬರೆದನು. ಅದು ಮೆಗ್ನೀಸಿಯಮ್ ಸಲ್ಫೇಟ್. ನಮ್ಮ ಊರಿನ ಔಷಧದ ಅಂಗಡಿಗಳಿಗೆ ಅದು ಬಂದುದು ಭೇದಿಗೆ ಕೊಡುವ ಉಪ್ಪಾಗಿ. ಹಿಂದಿನ ತಲೆಮಾರಿನವರಿಗೆ ಅದರ ಹೆಸರು ಕೇಳಿದರೆ ಹೊಟ್ಟೆ ತೊಳಸುತ್ತದೆ. ಟಬ್ಬಿನಲ್ಲಿ ಮಲಗಿ ಮೀಯುವ ದೇಶದವರಿಗೆ ಅದು ಸ್ನಾನದ ಉಪ್ಪಾಯಿತು. ಚೆಂಬಿನಿಂದ ಎರೆದುಕೊಳ್ಳುವ ನಮಗೆ ಅದರಿಂದ ಪ್ರಯೋಜನ ಕಡಿಮೆ. ಮೈಮೇಲೆ ಒಂದು ಕ್ಷಣ ನಿಲ್ಲದ ನೀರಿಗೆ ಉಪ್ಪು ಹಾಕುವುದು ದುಂದು. ಕಾಲು ಮುಳುಗುವ ಬಾಲ್ದಿಯೇ ಅದಕ್ಕೆ ಸರಿಯಾದ ಜಾಗ. ಚರ್ಮದ ಮೂಲಕ ಮೆಗ್ನೀಸಿಯಮ್ ಒಳಸೇರಿ ನೋವು ನೀಗುತ್ತದೆ ಎಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ಬಿಸಿನೀರು, ಹದಿನೈದು ನಿಮಿಷದ ಸುಮ್ಮನಿರುವಿಕೆ, ಲಾವಂಚದ ವಾಸನೆ ಇವು ಮೂರು ಸೇರಿ ಮಾಡುವ ಉಪಕಾರವೇ ಸಾಕಷ್ಟು. ಸಕ್ಕರೆ ಕಾಯಿಲೆಯವರು, ಕಾಲಿನಲ್ಲಿ ಹುಣ್ಣಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಹೋಗಬಾರದು.

ನಾವು ಮಾಡಿದ ತಪ್ಪನ್ನೂ ಹೇಳಿಬಿಡಬೇಕು. ಸಮಾವೇಶಕ್ಕೆ ಮೊದಲು ಪರೀಕ್ಷೆಗೆಂದು ಆಟಿ ತಿಂಗಳಲ್ಲಿ ಮಾಡಿದ ಮೊದಲ ಹನ್ನೆರಡು ಭರಣಿಗಳಲ್ಲಿ ಒಂಬತ್ತು ಹದಿನೈದೇ ದಿನಗಳಲ್ಲಿ ನೀರಾದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಕಲ್ಲುಪ್ಪು ಗಾಳಿಯ ಪಸೆಯನ್ನು ಹೀರಿ ಕರಗುತ್ತದೆ. ಅದರಲ್ಲಿ ಉಳಿದಿರುವ ಮೆಗ್ನೀಸಿಯಮ್ ಕ್ಲೋರೈಡೇ ಅದಕ್ಕೆ ಮುಖ್ಯ ಕಾರಣ. ಹಿಂದೆ ಉಪ್ಪಿನ ಮರಿಗೆಯನ್ನು ಒಲೆಯ ಪಕ್ಕದಲ್ಲಿಡುತ್ತಿದ್ದುದು ಸುಮ್ಮನೆ ಅಲ್ಲ. ಒಬ್ಬರು ಬಣ್ಣಕ್ಕೆಂದು ಅರಿಶಿನ ಸೇರಿಸಿದ್ದರು. ಅವರ ಮನೆಯವರ ಪಾದ ವಾರದವರೆಗೆ ಮದುಮಗನ ಪಾದದಂತಿತ್ತು. ಈಗ ನಾವು ಅನುಸರಿಸುವ ಕ್ರಮ ಹೀಗಿದೆ. ಮಾಘ, ಫಾಲ್ಗುಣದ ಒಣ ಹವೆಯಲ್ಲಿ, ಸಿಕ್ಕಿದರೆ ಗೋಕರ್ಣದ ಬಳಿಯ ಸಾಣಿಕಟ್ಟೆಯದು, ಇಲ್ಲವೆ ಅಂಗಡಿಯ ಕಲ್ಲುಪ್ಪು 1 ಕಿಲೋ ತೆಗೆದು ಮಣ್ಣಿನ ಓಡಿನಲ್ಲಿ ಸಿಡಿಯುವುದು ನಿಲ್ಲುವವರೆಗೆ ಹುರಿಯುವುದು. ಪೂರ್ತಿ ಆರಿದ ಮೇಲೆ 250 ಗ್ರಾಂ ಎಪ್ಸಮ್ ಉಪ್ಪು ಬೆರೆಸುವುದು. ಇದನ್ನು ಹುರಿಯಬಾರದು, ಹರಳಿನೊಳಗಿನ ನೀರು ಬಿಟ್ಟು ಅಂಟಾಗುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆ ನೀರಿನಲ್ಲಿ ಕರಗದೆ ತೇಲಿ ಚರ್ಮಕ್ಕೆ ಉರಿ ತರುವುದರಿಂದ ಇಪ್ಪತ್ತು ಹನಿಯನ್ನು ಎರಡು ಚಮಚ ತೆಂಗಿನೆಣ್ಣೆಯಲ್ಲಿ ಕಲಸಿ ಆಮೇಲೆ ಉಪ್ಪಿಗೆ ಸೇರಿಸುವುದು. ಲಾವಂಚವನ್ನು ತುಂಡರಿಸಿ ಬಟ್ಟೆಯ ಪೊಟ್ಟಣದಲ್ಲಿ ಕಟ್ಟಿ ಭರಣಿಯೊಳಗೆ ಇಡುವುದು. ಉಪ್ಪಿನಲ್ಲಿ ಬೆರೆಸಿದರೆ ಬಾಲ್ದಿಯ ತಳದಲ್ಲಿ ಕಸವಾಗುತ್ತದೆ.

ಪುಡಿಯ ಕಥೆ ಮಾತ್ರ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ತಮ್ಮ ತಾಯಿಮನೆಯ ಸ್ನಾನದ ಪುಡಿಯನ್ನು ಬಲ್ಲವರಾಗಿದ್ದರು. ಸೀಗೆ, ಅಂಟುವಾಳ, ಮೆಂತೆ, ಹೆಸರು, ಕಚೋರ, ಕಸ್ತೂರಿ ಅರಿಶಿನ, ಲಾವಂಚ; ಇನ್ನು ಎರಡು ವಸ್ತುಗಳಿದ್ದವು. ಒಂದು ಯಾವುದೋ ಮರದ ಚೆಕ್ಕೆ, ಅವರು ಅದಕ್ಕೆ ಹೇಳುತ್ತಿದ್ದ ಹೆಸರನ್ನು ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ನೆನಪಿಟ್ಟಿದ್ದೇವೆ. ಸಮಾವೇಶ ಮುಗಿಯಲಿ, ಕುಳಿತು ಬರೆದುಕೊಳ್ಳೋಣ ಎಂದು ಎರಡು ಸಲ ಮುಂದೂಡಿದೆವು. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರ ಸೊಸೆ ಹುಡುಕಿಕೊಟ್ಟ ಹಳೆಯ ಡಬ್ಬದ ತಳದಲ್ಲಿ ಎರಡು ಹಿಡಿ ಪುಡಿ ಉಳಿದಿತ್ತು. ಅದನ್ನು ನೀರಿನಲ್ಲಿ ಕಲಸಿ ಮೂಸಿ ನೋಡಿದೆವು. ಏಳು ವಾಸನೆಗಳನ್ನು ಗುರುತಿಸಿದೆವು.

ಈ ಸಲದ ಸಮಾವೇಶದಲ್ಲಿ ಅತಿಥಿಗಳಿಗೆ ಎರಡು ಭರಣಿಗಳು. ಉಪ್ಪಿನದರ ಮೇಲೆ 'ಕಾಲಿಗೆ', ಪುಡಿಯದರ ಮೇಲೆ 'ಮೈಗೆ' ಎಂದು ಕನ್ನಡದಲ್ಲಿ ಬರೆದಿದೆ. ಪುಡಿಯಲ್ಲಿ ಏಳೇ ವಸ್ತುಗಳಿವೆ. ಮರದ ಚೆಕ್ಕೆಯ ಹೆಸರು ನೆನಪಿರುವವರು, ನಿಮ್ಮ ಮನೆಯ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ ತಿಳಿಯಬಲ್ಲವರು ದಯವಿಟ್ಟು ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕು. ಪ್ರಶ್ನೆ ಕೇಳಿದ ಹಿರಿಯರಿಗೆ ಉಪ್ಪಿನ ಭರಣಿಯನ್ನು ಮನೆಗೇ ಮುಟ್ಟಿಸಿದ್ದೇವೆ. ಒಂದು ಸಂಜೆ ಕಾಲಿಟ್ಟು ನೋಡಿದರಂತೆ. "ಪರವಾಗಿಲ್ಲ, ಆದರೆ ನೀರು ಇನ್ನೂ ಸ್ವಲ್ಪ ಬೆಶಿ ಬೇಕಿತ್ತು" ಎಂದರಂತೆ.